ಒಂದೇ ಗಾಡಿಯ ಸೇತುವೆ

"ಬುದ್ಧಿ, ದಾರಿ ನನ್ನದಾಗಿರುವಾಗ, ತಪ್ಪು ಎದುರಿನವನದಾಗಿರುವಾಗ, ನಾನೇಕೆ ಬಿಟ್ಟುಕೊಡಬೇಕು?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನ ಹೆಸರು ಗುರುಸಿದ್ಧ. ಮಠದ ಜೀಪು ಓಡಿಸುವವನು ಅವನೇ. ಆ ದಿನ ಪೇಟೆಯ ರಸ್ತೆಯಲ್ಲಿ ಯಾರೊಡನೆಯೋ ಜಗಳವಾಡಿ ಬಂದಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅಂಗಡಿಯಲ್ಲಿ ಬಹಳ ಮೃದು. ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ವ್ಯಾಪಾರದ ಮಾತೆತ್ತುವವನು. ಕಾರಿನ ಸ್ಟೀರಿಂಗ್ ಹಿಡಿದನೆಂದರೆ ಮಾತ್ರ ಬೇರೆಯೇ ಮನುಷ್ಯ. ನಿಯಮ ಮೀರುತ್ತಿರಲಿಲ್ಲ, ನಿಜ. ಮೀರಿದವರನ್ನು ಕ್ಷಮಿಸುತ್ತಲೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು ಹೆಂಡತಿ ಚನ್ನಾಜಮ್ಮನೊಡನೆ ನೆಂಟರ ಮನೆಗೆ ಹೊರಟಿದ್ದ. ದಾರಿಯಲ್ಲಿ ನಾಲೆಯ ಮೇಲೆ ಒಂದು ಹಳೆಯ ಸೇತುವೆ. ಒಂದು ಸಲಕ್ಕೆ ಒಂದೇ ಗಾಡಿ ಹೋಗುವಷ್ಟು ಅಗಲ. ಪಕ್ಕದ ಗೋಡೆಗಳು ಬಿದ್ದುಹೋಗಿದ್ದವು. ವ್ಯಾಪಾರಿ ಅರ್ಧ ದಾಟಿದ್ದಾಗ ಎದುರಿನಿಂದ ಇನ್ನೊಂದು ಕಾರು ಸೇತುವೆಗೆ ನುಗ್ಗಿತು. ಓಡಿಸುತ್ತಿದ್ದವಳು ಒಬ್ಬ ಹುಡುಗಿ. ಹೊಸದಾಗಿ ಕಲಿತವಳೆಂದು ನೋಡಿದರೇ ತಿಳಿಯುತ್ತಿತ್ತು.

ಎರಡು ಕಾರುಗಳೂ ಎದುರುಬದುರು ನಿಂತವು. ವ್ಯಾಪಾರಿ ಹಾರ್ನ್ ಒತ್ತಿದ. ಒತ್ತಿದ ಕೈ ತೆಗೆಯಲಿಲ್ಲ.

"ಪಾಪ, ಹೆದರಿದ್ದಾಳೆ ಕಣ್ರೀ. ನಾವೇ ಹಿಂದಕ್ಕೆ ಹೋಗೋಣ" ಎಂದಳು ಚನ್ನಾಜಮ್ಮ.

"ಮೊದಲು ಬಂದವನು ನಾನು. ಹಿಂದಕ್ಕೆ ಹೋಗಬೇಕಾದವಳು ಅವಳು" ಎಂದ ಅವನು.

ಹುಡುಗಿ ಗಾಬರಿಯಲ್ಲೇ ಕಾರನ್ನು ಹಿಂದಕ್ಕೆ ಬಿಟ್ಟಳು. ಕಾರು ಸೊಟ್ಟಗೆ ಹೋಯಿತು. ಹಿಂದಿನ ಚಕ್ರ ಸೇತುವೆಯ ಅಂಚಿಗೆ ಬಂದು, ಅಲ್ಲಿನ ಕಲ್ಲೊಂದು ನೀರಿಗೆ ಬಿತ್ತು. ನಾಲೆ ತುಂಬಿ ಹರಿಯುತ್ತಿತ್ತು. ಅವಳು ಬ್ರೇಕ್ ಒತ್ತಿ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಅಳತೊಡಗಿದಳು.

ವ್ಯಾಪಾರಿಯ ಕೈ ಹಾರ್ನಿನಿಂದ ತಾನಾಗಿಯೇ ಜಾರಿತು. ಅವನು ಏನಾದರೂ ಹೇಳುವ ಮೊದಲೇ ಚನ್ನಾಜಮ್ಮ ಇಳಿದು ನಡೆದಿದ್ದಳು. ಆ ಕಾರಿನ ಬಾಗಿಲು ತೆರೆದು ಹುಡುಗಿಯ ಪಕ್ಕದಲ್ಲಿ ಕುಳಿತಳು. ಅವಳ ಬೆನ್ನು ಸವರಿದಳು. ಆಮೇಲೆ ಗಂಡನ ಕಡೆ ನೋಡಿ, ಹಿಂದಕ್ಕೆ ಹೋಗಿ ಎಂದು ಕೈ ಮಾಡಿದಳು.

ಅವನು ಹಿಂದಕ್ಕೆ ಹೊರಟ. ಹುಡುಗಿಯ ಕಾರು ಒಮ್ಮೆ ನಡುಗಿ ಮುಂದಕ್ಕೆ ಬಂತು. ಚಕ್ರ ಅಂಚು ಬಿಟ್ಟಿತು. ಅವನು ಸರಿದಷ್ಟೂ ಆ ಕಾರು ಅವನೆದುರಿಗೇ ನಿಧಾನವಾಗಿ ಬರುತ್ತಿತ್ತು. ಚನ್ನಾಜಮ್ಮ ಹುಡುಗಿಯೊಡನೆ ಏನೋ ಮಾತಾಡುತ್ತಲೇ ಇದ್ದಳು. ನಡುವೆ ಒಂದು ಕಡೆ ಹುಡುಗಿ ಅಳುತ್ತಲೇ ನಕ್ಕಳು. ವ್ಯಾಪಾರಿಯ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಸೇತುವೆ ದಾಟಿದ ಮೇಲೆ ಹುಡುಗಿ ಕಾರು ನಿಲ್ಲಿಸಿದಳು. "ತಪ್ಪಾಯ್ತು ಅಂಕಲ್, ನೀವು ಬರೋದನ್ನ ನೋಡ್ಲೇ ಇಲ್ಲ" ಎಂದು ಕೈ ಮುಗಿದಳು. "ನಿಧಾನವಾಗಿ ಹೋಗಮ್ಮ" ಎಂದ ಅವನು.

ಚನ್ನಾಜಮ್ಮ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವನು ಹೇಳಿದ: "ನೀನು ಆ ಕಾರು ಹತ್ತಿದಾಗ ನನ್ನ ಜೀವ ಬಾಯಿಗೆ ಬಂದಿತ್ತು ಕಣೇ. ಆಮೇಲೆ ನಾನು ಹಾರ್ನ್ ಮುಟ್ಟಿದ್ರೆ ಕೇಳು."

"ನಾನು ಹತ್ತೋ ಮುಂಚೆ ಅದರಲ್ಲಿ ಯಾರೂ ಇರಲಿಲ್ವಾ?" ಎಂದಳು ಅವಳು.

ಅಂದಿನಿಂದ ಎದುರಿಗೆ ಯಾರು ತಡವರಿಸಿದರೂ ವ್ಯಾಪಾರಿಯೇ ನಿಂತು ಅವರನ್ನು ಮೊದಲು ಹೋಗಬಿಡುತ್ತಿದ್ದ, ಹೆಂಡತಿ ಜೊತೆಗಿಲ್ಲದಾಗಲೂ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನ ದನಿ ತಗ್ಗಿತ್ತು, ಹಟ ಮಾತ್ರ ಪೂರ್ತಿ ಹೋಗಿರಲಿಲ್ಲ.

"ಆದರೂ ಬುದ್ಧಿ, ಆ ದಿನ ದಾರಿ ವ್ಯಾಪಾರಿಯದೇ ಅಲ್ಲವೇ?"

ಗುರುಗಳು ನಕ್ಕರು.

"ಅವನದೇ. ತನ್ನದಲ್ಲದ್ದನ್ನು ಅವನು ಬಿಟ್ಟುಕೊಡುವುದಾದರೂ ಹೇಗಪ್ಪ?"