ಹೊಳೆದು ಆರಿದ ಮೇಲೆ

ಕಥೆ ಹೇಳಿ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ. ಒಂದು ಉಪಗ್ರಹದಲ್ಲಿ ಎರಡು ದೂರದರ್ಶಕಗಳಿದ್ದವು, ಅಣ್ಣ ಮತ್ತು ತಂಗಿ. ಅಣ್ಣನಿಗೆ ಗಾಮಾ ಕಿರಣಗಳು ಕಾಣುತ್ತಿದ್ದವು, ಅದೂ ಒಮ್ಮೆಗೇ ಅರ್ಧ ಆಕಾಶದಲ್ಲಿ, ಆದರೆ ಮಸುಕಾಗಿ. ತಂಗಿಗೆ ಎಕ್ಸ್-ರೇ ಕಾಣುತ್ತಿತ್ತು, ಅದೂ ಚೂರೇ ಚೂರು ಆಕಾಶದಲ್ಲಿ, ಆದರೆ ಸ್ಪಷ್ಟವಾಗಿ.

ಒಮ್ಮೆ ಗಾಮಾ ಕಿರಣಗಳು ಭಗ್ಗನೆ ಹೊಳೆದು ಆ ಕ್ಷಣವೇ ಆರಿಹೋದವು.

"ಸರಿಯಾಗಿ ಎಲ್ಲಿಂದ ಬಂದವೆಂದು ಇನ್ನು ತಿಳಿಯುವುದಿಲ್ಲ," ಎಂದು ಅಣ್ಣ ಕೊರಗಿದ.

"ಸುಮಾರಾಗಿ ಯಾವ ಕಡೆ ಹೇಳು, ತಿರುಗೋಣ," ಎಂದಳು ತಂಗಿ.

"ಆರಿದ ಒಲೆಯ ಕಡೆಗೇ?"

"ಬೂದಿ ಬಿಸಿಯಿರುತ್ತದೆ, ಅಣ್ಣ."

ಇಬ್ಬರೂ ತಿರುಗಿದರು. ಅಲ್ಲಿ ಎಕ್ಸ್-ರೇ ಬೆಳಕು ಮೆಲ್ಲಗೆ ಕುಂದುತ್ತಿತ್ತು. ತಂಗಿ ಜಾಗವನ್ನು ಖಚಿತವಾಗಿ ಗುರುತಿಸಿದಳು.

ಅಣ್ಣ ಹಿಗ್ಗಿ ಭೂಮಿಗೆ ವಿವರಿಸತೊಡಗಿದ: "ಆರಿತೆಂದು ಬಿಡಬಾರದು, ಯಾಕೆಂದರೆ ಬೂದಿ ಎಂಬುದು..."

"ಅಣ್ಣ, ಭಾಷಣ ಸಾಕು, ಬಾ. ಇನ್ನೊಂದು ಹೊಳೆದರೆ ನೋಡುವವರು ಯಾರು?"