ಮಾತು ಆಮೇಲೆ

"ಗುರುಗಳೇ, ಹಲ್ಲು ಎಲ್ಲರದೂ ಒಂದೇ ಬಗೆ, ಅದಕ್ಕೆ ಕಟ್ಟುವ ಪಾಚಿಯೂ ಒಂದೇ ಬಗೆ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಊಟವೇನು, ಕಾಯಿಲೆಯೇನು ಎಂದು ವಿಚಾರಿಸುತ್ತ ಹೊತ್ತು ಕಳೆಯುವುದು ಏಕೆ?"

ಹಲ್ಲು ಶುಚಿ ಮಾಡುವ ವಿದ್ಯೆ ಕಲಿಯುತ್ತಿದ್ದ ನಾಗವೇಣಿ ಹೀಗೆ ಕೇಳಿದಳು. ಗುರುಗಳು ಕೈಗವಸು ಕಳಚಿ ಒಂದು ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿಯಿದ್ದ. ಒಸಡಿಗೆ ನೋವಾಗದಂತೆ ಪಾಚಿ ಎಬ್ಬಿಸುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಬೀಡಿ ಸೇದುವ ಮುದುಕ ಬರಲಿ, ಬಸುರಿ ಬರಲಿ, ಹೆದರಿದ ಮಗು ಬರಲಿ, ಅವನ ಕ್ರಮ ಬದಲಾಗುತ್ತಿರಲಿಲ್ಲ. ಕುರ್ಚಿಗೆ ಒರಗಿಸುವನು, ದೀಪ ಹಾಕುವನು, ಬಾಯಿ ತೆರೆಯಿರಿ ಎನ್ನುವನು. ಅವನ ಮುಂದಿನ ಸಾಲು ಬೇಗ ಕರಗುತ್ತಿತ್ತು. ಅದೇ ಅವನಿಗೆ ಹೆಮ್ಮೆ.

ಒಂದು ದಿನ ಒಬ್ಬ ನೇಕಾರ ಹೆಂಗಸು ಬಂದಳು. ಜೊತೆಗೆ ಬಂದ ಗಂಡನನ್ನು ಹೊರಗೆ ನಿಲ್ಲಿಸಿದರು. ಅವಳು ಕುರ್ಚಿಯಲ್ಲಿ ಕುಳಿತು, "ಡಾಕ್ಟ್ರೇ, ಮೊದಲು ಒಂದು ಮಾತು ಹೇಳಬೇಕಿತ್ತು" ಎಂದಳು.

"ಮಾತು ಆಮೇಲೆ ಅಕ್ಕಾ, ಬಾಯಿ ತೆರೆಯಿರಿ."

ಅವಳು ತೆರೆದಳು. ನಡುವೆ ಒಮ್ಮೆ ಕೈ ಎತ್ತಿದಳು. ನೋವಿರಬೇಕೆಂದು ಅವನು, "ಆಯಿತು, ಆಯಿತು" ಎಂದ. ಒಸಡಿನಿಂದ ರಕ್ತ ಒಸರಿತು. ಅದು ಎಲ್ಲರಿಗೂ ಒಸರುವುದೇ. ಕೆಲಸ ಮುಗಿದಾಗ ಹಲ್ಲು ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಏಳುವಷ್ಟರಲ್ಲಿ ಅವನು ಮುಂದಿನವರನ್ನು ಕರೆದಿದ್ದ.

ಕೆಲವು ವಾರಗಳಲ್ಲಿ ಅವಳಿಗೆ ಜ್ವರ ಹಿಡಿಯಿತು. ಬಿಡಲಿಲ್ಲ. ಹಿಂದೊಮ್ಮೆ ಅವಳ ಹೃದಯದ ಕವಾಟ ಬದಲಿಸಿದ್ದರು. ಹಲ್ಲಿಗೆ ಕೈ ಹಾಕಿಸುವ ಮುಂಚೆ ಅಲ್ಲಿಯವರಿಗೆ ತಿಳಿಸಲೇಬೇಕು, ಅವರು ಕೊಡುವ ಮಾತ್ರೆ ನುಂಗಲೇಬೇಕು ಎಂದು ವೈದ್ಯರು ಎಚ್ಚರಿಸಿದ್ದರು. ಬಾಯಿಯ ನಂಜು ರಕ್ತದಲ್ಲಿ ಹರಿದು ಆ ಕವಾಟದಲ್ಲಿ ಕೂತಿತ್ತು. ಅವಳು ಉಳಿಯಲಿಲ್ಲ.

ಗಂಡ ಬಂದು ವಿದ್ಯಾರ್ಥಿಯ ಎದುರು ನಿಂತ. ಬೈಯಲಿಲ್ಲ. "ಹೇಳುತ್ತೇನೆ ಎಂದೇ ಒಳಗೆ ಹೋದಳಲ್ಲ ಸ್ವಾಮಿ, ಹೇಳಲಿಲ್ಲವೇ?" ಎಂದು ಕೇಳಿದ. ವಿದ್ಯಾರ್ಥಿಗೆ ಎಷ್ಟು ಯೋಚಿಸಿದರೂ ಅವಳ ಮುಖ ನೆನಪಿಗೆ ಬರಲಿಲ್ಲ. ಹಲ್ಲುಗಳು ಮಾತ್ರ ಬಂದವು. ಅಂದಿನಿಂದ ಅವನು ಆ ಕುರ್ಚಿಯ ಬಳಿ ಹೋಗಲಿಲ್ಲ.

ಕತೆ ಕೇಳಿದ ನಾಗವೇಣಿಗೆ ಸಮಾಧಾನವಾಗಲಿಲ್ಲ. "ತನ್ನ ಪ್ರಾಣದ ವಿಷಯ. ಅವಳಾದರೂ ಇನ್ನೊಮ್ಮೆ ಹೇಳಬಹುದಿತ್ತಲ್ಲ ಗುರುಗಳೇ?"

"ಹೇಗೆ ಹೇಳುತ್ತಾಳಮ್ಮ? ಅವಳ ಬಾಯಲ್ಲಿ ಅವನ ಕೈಯಿತ್ತು."