ಪ್ರೈಮರ್ ಕೆಳಗಿನ ಬೊಟ್ಟು

ತುಂಗಭದ್ರೆಯ ದಂಡೆಯಲ್ಲಿ ಪಂಪಯ್ಯ ಗುರುಗಳ ಆಶ್ರಮವಿತ್ತು. ಬೇರೆ ಆಶ್ರಮಗಳಲ್ಲಿ ಹಸು ಸಾಕುತ್ತಾರೆ. ಇಲ್ಲಿ ವಿಮಾನ ಕಟ್ಟುತ್ತಿದ್ದರು. ಅದೂ ಎಂಥ ವಿಮಾನ! ಇನ್ನೂ ರೆಕ್ಕೆ ಕೂಡಿಸಿರಲಿಲ್ಲ, ಆಗಲೇ ಹದ್ದುಗಳು ದಾರಿ ಬಿಟ್ಟು ಹಾರುತ್ತಿದ್ದವು. ನಂಬದವರು ಹದ್ದುಗಳನ್ನೇ ಕೇಳಿ.

ಅವತ್ತು ರೆಕ್ಕೆಗೆ ರಿವೆಟ್ ಹೊಡೆದು ಮುಚ್ಚುವುದಿತ್ತು. ಮುಚ್ಚಿದ ಮೇಲೆ ಒಳಗೇನಿದೆಯೋ ಯಾರಿಗೂ ಕಾಣದು. ಮೊದಲು ಹಾರುವವರು ಗುರುಗಳೇ.

ಶಿಷ್ಯ ಕೊಟ್ರೇಶ ಬೆಳಗಿನ ಮಂಡಕ್ಕಿ ಬದಿಗಿಟ್ಟು ಗುರುಗಳ ಬಳಿ ಬಂದ.

"ಗುರುಗಳೇ, ಅಲ್ಯೂಮಿನಿಯಂ ಮೇಲೆ ಒಂದು ಬೆರಳಗಲ ಜಾಗದಲ್ಲಿ ಪ್ರೈಮರ್ ತಳಬಣ್ಣ ಹಿಡಿಯದಿದ್ದರೆ ಏನಾಗುತ್ತದೆ?"

"ಅಲ್ಲಿ ತೇವ ಹೊಗುತ್ತದೆ. ಲೋಹ ಬಿಳಿ ಪುಡಿಯಾಗುತ್ತ ಹೋಗುತ್ತದೆ."

"ನಾಳೆಯೇ?"

"ನಾಳೆ ಏನೂ ಆಗದು."

ಕೊಟ್ರೇಶ ಉಸಿರು ಬಿಟ್ಟ.

"ಎಷ್ಟೋ ಮಳೆಗಾಲ ಕಳೆಯಬೇಕು," ಎಂದರು ಗುರುಗಳು. "ಆಗ ಹಾರುವವನಿಗೆ ಹೇಳಲು ನಾನಿರುವುದಿಲ್ಲ. ನೀನಿರುತ್ತೀಯಾ?"

ಬಿಟ್ಟ ಉಸಿರು ಹಾಗೇ ವಾಪಸು ಬಂತು.

ಗುರುಗಳು ರಿವೆಟ್ ಡಬ್ಬಿ ಕೈಗೆತ್ತಿಕೊಂಡರು.

"ತಡೀರಿ ಗುರುಗಳೇ! ರೆಕ್ಕೆ ತುದಿಯ ಒಳಪಟ್ಟಿ... ತೊಳೆದು ಒಣಗಿಸಿದ ಮೇಲೆ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟೆ. ದೀಪದ ಎಣ್ಣೆಯಲ್ಲಿ ಕಲಸಿ. ಅದರ ಮೇಲೇ ಪ್ರೈಮರ್ ಹಚ್ಚಿಬಿಟ್ಟೆ."

"ಯಾಕೋ?"

"ಹಾರುವವರು ನೀವು. ಭಯ ನನಗೆ."

ಗುರುಗಳು ಆ ಜಾಗಕ್ಕೆ ಉಗುರು ತಾಗಿಸಿದರು. ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಪ್ರೈಮರ್ ಎದ್ದು ಬಂತು. ಕೆಳಗೆ ಬೊಟ್ಟು ಕೆಂಪಗೆ ಕೂತಿತ್ತು.

ಗುರುಗಳು ಬೈಯಲಿಲ್ಲ. ಉಜ್ಜುಕಾಗದ ಕೊಟ್ಟರು.

ಕೊಟ್ರೇಶ ಉಜ್ಜಿದ, ಸೋಪಿನಲ್ಲಿ ತೊಳೆದ, ನೀರು ಸುರಿದ. ನೀರು ಹನಿಹನಿಯಾಗಿ ಒಡೆಯಿತು.

"ಎಣ್ಣೆ ಇನ್ನೂ ಇದೆ," ಎಂದರು ಗುರುಗಳು.

ಮತ್ತೆ ಉಜ್ಜಿದ. ಆ ಸದ್ದಿಗೆ ಹೊಳೆಯ ಮೊಸಳೆಗಳು ಹಲ್ಲುನೋವೆಂದು ದಡಕ್ಕೆ ಬಂದು ಮಲಗಿದವು. ಕೊನೆಗೊಮ್ಮೆ ಸುರಿದ ನೀರು ಎಲ್ಲೂ ಒಡೆಯದೆ, ಒಂದೇ ಹಾಳೆಯಾಗಿ ಲೋಹದ ಮೇಲೆ ಹರಡಿ ನಿಂತಿತು. ಅದು ಒಣಗಿತು. ಬೆವರು ತಾಗದಂತೆ ಅಂಚು ಹಿಡಿದು ಕೊಟ್ರೇಶ ಹೊಸದಾಗಿ ಪ್ರೈಮರ್ ಹಚ್ಚಿದ.

ಪ್ರೈಮರ್ ಒಣಗಲೆಂದು ರೆಕ್ಕೆ ಮುಚ್ಚುವುದು ಮುಂದಕ್ಕೆ ಹೋಯಿತು. ಕೊಟ್ರೇಶ ಮಾತ್ರ ಕುಂಕುಮದ ಭರಣಿ ಹಿಡಿದು ಅಲ್ಲೇ ನಿಂತಿದ್ದ.

"ಭಯ ಹೋಗಲಿಲ್ಲ ಗುರುಗಳೇ. ಇದನ್ನು ಎಲ್ಲಿಡಲಿ?"

ಗುರುಗಳು ಬಾಗಿ ಹಣೆ ಮುಂದೆ ಮಾಡಿದರು.

"ಇಲ್ಲಿಡು. ಇದರ ಮೇಲೆ ಯಾರೂ ಪ್ರೈಮರ್ ಹಚ್ಚುವುದಿಲ್ಲ."